ಮುತ್ತಜ್ಜನ ಪೆಟ್ಟಿಗೆಯ ಮರದ ಕ್ಲಾಗ್: ವಾರ್ನಿಶ್ ಹಚ್ಚುವ ಮೊದಲು

ಪ್ರಶ್ನೆ: ನನ್ನ ತವರು ಶಿವಮೊಗ್ಗ. ಈಗ ಅಮೆರಿಕದ ಅಯೋವಾದಲ್ಲಿದ್ದೇನೆ. ನನ್ನ ಗಂಡನ ಮನೆಯವರು ಮೂಲತಃ ಡೆನ್ಮಾರ್ಕಿನವರು. ಗಂಡನ ಮುತ್ತಜ್ಜ 1884ರಲ್ಲಿ ಇಲ್ಲಿಗೆ ಬಂದರಂತೆ. ಊರಲ್ಲಿ ಮರದ ಕ್ಲಾಗ್, ಅಂದರೆ ಮರದ ಪಾದರಕ್ಷೆ ಕೆತ್ತುತ್ತಿದ್ದರು, ಇಲ್ಲಿ ಬಂದು ರೈತರಾದರು ಎಂದು ಮಾವ ಹೇಳುತ್ತಾರೆ. ಹಳೇ ಮನೆ ಖಾಲಿ ಮಾಡುವಾಗ ಅವರು ನಮಗೊಂದು ಬಣ್ಣದ ಮರದ ಪೆಟ್ಟಿಗೆ ಕೊಟ್ಟರು. ಅದರಲ್ಲಿ ಪೂರ್ತಿ ಮರದ್ದೇ ಒಂದು ಜೋಡಿ, ಮರದ ಅಟ್ಟೆಗೆ ಚರ್ಮ ಹೊಡೆದ ಇನ್ನೊಂದು ಜೋಡಿ ಇವೆ. ಜೊತೆಗೆ ಮೂರು ಹತಾರ: ತುದಿಯಲ್ಲಿ ಕೊಕ್ಕೆ ಇರುವ ಉದ್ದನೆ ಕತ್ತಿ, ಚಮಚದಂಥ ಮೂತಿಯ ಬೈರಿಗೆ, ಬಾಗಿದ ಪುಟ್ಟ ಕತ್ತಿ. ಪೆಟ್ಟಿಗೆ ಮೇಲೆ 'ಜೆ. ಎನ್. ಎಸ್.' ಮತ್ತು 'ಸ್ಕಾಂಡರ್‌ಬೋರ್ಗ್' ಎಂದು ಬರೆದಿದೆ. ಕುಟುಂಬದ ಹೆಸರು ನೀಲ್ಸನ್, ಹಾಗಾದರೆ ಆ 'ಎಸ್' ಯಾರು? ಮರದ ಬೂಟು ಅಂದರೆ ಡಚ್ಚರದ್ದಲ್ವಾ? ಕಲಿತ ಕಸುಬನ್ನು ಅವರು ಯಾಕೆ ಬಿಟ್ಟರು? ತೊಳೆದು ವಾರ್ನಿಶ್ ಹಚ್ಚಿ ಶೋಕೇಸಿನಲ್ಲಿ ಇಡಬೇಕೆಂದಿದ್ದೇವೆ. ಮಗಳಿಗೆ ಶಾಲೆಯ ಹೆರಿಟೇಜ್ ದಿನಕ್ಕೆ ಹಾಕಿ ಕಳಿಸುವ ಆಸೆಯೂ ಇದೆ. ಮುತ್ತಜ್ಜನ ಊರು ಹುಡುಕುವುದು ಹೇಗೆ?

ಉತ್ತರ: ಮೊದಲು ವಾರ್ನಿಶ್ ಡಬ್ಬಿ ಮುಚ್ಚಿ ಎತ್ತಿಡಿ. ತೊಳೆಯುವುದೂ ಬೇಡ. ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಕೊಳೆ, ಸವೆತ, ಗೀರುಗಳಲ್ಲೇ. ಅದನ್ನು ಉಜ್ಜಿ ತೆಗೆದರೆ ಉಳಿಯುವುದು ಯಾವ ಅಂಗಡಿಯಲ್ಲಾದರೂ ಸಿಗುವಂಥ ಒಂದು ಶೋಪೀಸು. ಕ್ಲಾಗ್‌ಗಿಂತ ಆ ಮೂರು ಹತಾರಗಳೇ ನಿಮ್ಮ ಪೆಟ್ಟಿಗೆಯ ನಿಜವಾದ ಆಸ್ತಿ ಅಂತ ನನ್ನ ಅಭಿಪ್ರಾಯ. ಕ್ಲಾಗ್ ಯಾರ ಮನೆಯಲ್ಲಾದರೂ ಇರುತ್ತಿತ್ತು. ಹತಾರ ಮಾತ್ರ ಮಾಡುವವನ ಮನೆಯಲ್ಲೇ ಇರುತ್ತಿತ್ತು.

ಡಚ್ಚರದ್ದಾ ಅನ್ನುವ ಅನುಮಾನ ಸಹಜ. ಹೂವಿನ ಚಿತ್ತಾರ ಬರೆದ ಹಳದಿ ಕ್ಲಾಗನ್ನು ಹಾಲೆಂಡಿನವರು ಜಗತ್ತಿಗೆಲ್ಲ ಮಾರಿದ್ದಾರೆ. ಆದರೆ ಉತ್ತರ ಯುರೋಪಿನ ಒದ್ದೆ ನೆಲದಲ್ಲಿ ಕೆಲಸ ಮಾಡುವವರೆಲ್ಲ ಮರದ ಪಾದರಕ್ಷೆ ಮೆಟ್ಟಿದವರೇ. ಫ್ರಾನ್ಸ್, ಬೆಲ್ಜಿಯಂ, ಉತ್ತರ ಜರ್ಮನಿ, ಸ್ವೀಡನ್, ಡೆನ್ಮಾರ್ಕ್ ಎಲ್ಲ ಕಡೆಯೂ ಇತ್ತು. ಡೆನ್ಮಾರ್ಕಿನಲ್ಲಿ ಇದಕ್ಕೆ 'ಟ್ರೆಸ್ಕೊ' ಅನ್ನುತ್ತಾರೆ. ಡಚ್ಚರು ಹೆಚ್ಚಾಗಿ ಬಳಸಿದ್ದು ಪಾಪ್ಲರ್ ಮತ್ತು ವಿಲೋ ಎಂಬ ಹಗುರ, ಬಿಳಿಚು ಮರ. ಡೇನರಲ್ಲಿ ಬೀಚ್ ಮತ್ತು ಆಲ್ಡರ್ ಮರದ ಕೆಲಸ ಜಾಸ್ತಿ. ಇನ್ನು ನಿಮ್ಮ ಎರಡನೇ ಜೋಡಿ ಇದೆಯಲ್ಲ, ಮರದ ಅಟ್ಟೆಗೆ ಚರ್ಮ ಹೊಡೆದದ್ದು, ಅದು ಡೆನ್ಮಾರ್ಕ್ ಮತ್ತು ಸ್ವೀಡನ್ ಕಡೆ ತುಂಬ ಬಳಕೆಯಲ್ಲಿದ್ದ ಬಗೆ. ಮೊಣಕಾಲಿನವರೆಗೆ ಚರ್ಮ ಏರಿಸಿ ಬೂಟಿನ ಹಾಗೆ ಮಾಡಿದವೂ ಅಲ್ಲಿದ್ದವು.

ನಮ್ಮ ಹಾವುಗೆ ನೋಡಿದವರಿಗೆ ಮರ ಮೆಟ್ಟುವುದು ಹೊಸದೇನಲ್ಲ. ಆದರೆ ಹಾವುಗೆ ಮೆಟ್ಟಿದವರು ಬಿಸಿಲು ನೆಲದಲ್ಲಿ, ಕಾಲುಚೀಲವಿಲ್ಲದೆ ನಡೆದರು. ಡೇನರ ಕಷ್ಟ ಬೇರೆ. ಜೇಡಿಮಣ್ಣಿನ ಹೊಲ, ಸಗಣಿ ಗಂಜಲ ತುಂಬಿದ ಕೊಟ್ಟಿಗೆ, ಕೊರೆಯುವ ಚಳಿ. ಅಲ್ಲಿ ಚರ್ಮದ ಅಟ್ಟೆ ನೀರು ಕುಡಿದು ಹಾಳಾಗುತ್ತದೆ. ದಪ್ಪ ಮರ ಒದ್ದೆಯನ್ನೂ ಚಳಿಯನ್ನೂ ಕಾಲಿಗೆ ಬಿಡುವುದಿಲ್ಲ. ಮೇಲಾಗಿ ಚರ್ಮ ದುಬಾರಿ. ಹಾಗಾಗಿ ಕ್ಲಾಗನ್ನು ಕಾಲಿಗಿಂತ ದೊಡ್ಡದಾಗೇ ಮಾಡಿ, ಒಳಗೆ ಒಣ ಹುಲ್ಲು ತುರುಕಿ, ದಪ್ಪ ಉಣ್ಣೆ ಕಾಲುಚೀಲ ಹಾಕಿ ಮೆಟ್ಟುತ್ತಿದ್ದರು. ಹುಲ್ಲು ಒದ್ದೆಯಾದರೆ ಕಿತ್ತೆಸೆದು ಬೇರೆ ಹುಲ್ಲು. ನಿಮ್ಮ ಮರದ ಜೋಡಿಯ ಮೂತಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಹುಲ್ಲಿನ ಚೂರು ಸಿಕ್ಕಿದರೆ ದಯವಿಟ್ಟು ಎಸೆಯಬೇಡಿ, ಒಂದು ಪುಟ್ಟ ಲಕೋಟೆಯಲ್ಲಿ ಹಾಕಿಡಿ.

ಈಗ ಹತಾರಕ್ಕೆ ಬರೋಣ. ಕೊಕ್ಕೆ ಇರುವ ಉದ್ದನೆ ಕತ್ತಿ ಕ್ಲಾಗ್ ಮಾಡುವವನ ಮುಖ್ಯ ಹತಾರ. ಕೆಲಸದ ಬೆಂಚಿಗೆ ಒಂದು ಕಬ್ಬಿಣದ ಬಳೆ ಬಡಿದಿರುತ್ತದೆ. ಕತ್ತಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯ ಹಿಡಿಯನ್ನು ಬಲಗೈಯಲ್ಲಿ ಹಿಡಿದು ಒತ್ತುತ್ತಾರೆ. ಎಡಗೈ ಮರದ ತುಂಡನ್ನು ಅಲಗಿನ ಕೆಳಗೆ ತಿರುಗಿಸುತ್ತಾ ಹೋಗುತ್ತದೆ. ನಮ್ಮ ಅಡಕತ್ತರಿಯ ಉಪಾಯವೇ ಇದು: ಒಂದು ತುದಿ ಭದ್ರ, ಇನ್ನೊಂದು ತುದಿಯಲ್ಲಿ ಕೈ, ನಡುವೆ ಸಿಕ್ಕಿದ್ದು ಬೆಣ್ಣೆ ಕತ್ತರಿಸಿದಂತೆ ಹೋಗುತ್ತದೆ. ಅಷ್ಟು ಉದ್ದದ ಕತ್ತಿಯಿಂದ ಹಿಮ್ಮಡಿಯ ಸಣ್ಣ ಬಾಗನ್ನು ತೆಗೆಯುವುದು ಎಂದರೆ ಕೈ ಪಳಗಿರಬೇಕು.

ಕೆಲಸ ಶುರುವಾಗುವುದು ಹಸಿ ಮರದಿಂದ. ಒಣಗಿದ ಬೀಚ್ ಮರ ಕಲ್ಲಿನಂತಾಗುತ್ತದೆ, ಕೆತ್ತಲು ಬರುವುದಿಲ್ಲ. ಆಗಷ್ಟೇ ಕಡಿದ ದಿಮ್ಮಿಯನ್ನು ಪಾದದ ಅಳತೆಗೆ ತುಂಡು ಮಾಡಿ, ಸೀಳಿ, ಕೊಡಲಿಯಲ್ಲಿ ಒರಟು ಆಕಾರ ತರುತ್ತಾರೆ. ಆಮೇಲೆ ಬಾಚಿ. ಆಮೇಲೆ ಈ ಕೊಕ್ಕೆ ಕತ್ತಿ. ಹೊರ ಆಕಾರ ಬಂದ ಮೇಲೆ ಎಡ ಬಲ ಎರಡನ್ನೂ ಬೆಂಚಿನಲ್ಲಿ ಕೊರೆದ ಕಚ್ಚಿನಲ್ಲಿ ಪಕ್ಕಪಕ್ಕ ಇಟ್ಟು ಬೆಣೆ ಬಡಿದು ಬಿಗಿಯುತ್ತಾರೆ. ಆಗ ನಿಮ್ಮ ಚಮಚ ಮೂತಿಯ ಬೈರಿಗೆಯ ಸರದಿ. ಮೊದಲು ಸಣ್ಣದರಲ್ಲಿ ತೂತು, ಆಮೇಲೆ ದೊಡ್ಡದರಲ್ಲಿ ಅಗಲ. ಕಷ್ಟವಿರುವುದು ಇಲ್ಲೇ. ಮೂತಿಯ ಒಳಗೆ ಬೈರಿಗೆ ಎಲ್ಲಿವರೆಗೆ ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಗೋಡೆ ಇನ್ನೆಷ್ಟು ದಪ್ಪ ಉಳಿದಿದೆ ಎಂದು ಕೈಗೇ ಗೊತ್ತಾಗಬೇಕು. ಒಂದು ಸುತ್ತು ಜಾಸ್ತಿ ಹೊಡೆದರೆ ಬೆರಳಿನ ಜಾಗದಲ್ಲಿ ತೂತು ಬೀಳುತ್ತದೆ, ಅಷ್ಟೂ ಕೆಲಸ ಒಲೆಗೆ. ಕೊನೆಗೆ ಬಾಗಿದ ಪುಟ್ಟ ಕತ್ತಿಯಿಂದ ಒಳಗನ್ನು ಕೆರೆದು ನಯ ಮಾಡಿ, ನೆರಳಲ್ಲಿ ನಿಧಾನವಾಗಿ ಒಣಗಲು ಬಿಡುತ್ತಾರೆ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಒಣಗುವಾಗ ಮರ ಕುಗ್ಗುತ್ತದೆ ಅನ್ನುವ ಲೆಕ್ಕವನ್ನೂ ಮೊದಲೇ ಇಟ್ಟುಕೊಂಡು ಕೆತ್ತಿರಬೇಕು.

ಅಟ್ಟೆಯ ಮುಂಭಾಗ ಸ್ವಲ್ಪ ಮೇಲಕ್ಕೆ ಎದ್ದಿರುವುದನ್ನು ಗಮನಿಸಿದಿರಾ? ಅದು ಅಲಂಕಾರವಲ್ಲ. ಮರ ಬಾಗುವುದಿಲ್ಲವಲ್ಲ, ಹಾಗಾಗಿ ಹೆಜ್ಜೆ ಹಾಕುವಾಗ ಕ್ಲಾಗೇ ಮುಂದಕ್ಕೆ ಉರುಳಬೇಕು. ಕೆಳಗಡೆ ಕಬ್ಬಿಣದ ಪಟ್ಟಿ ಅಥವಾ ಮೊಳೆ ಇದ್ದರೆ ಅದು ಸವೆತ ತಡೆಯಲು. ಹಿಮ್ಮಡಿಯ ಒಂದು ಪಕ್ಕ ಜಾಸ್ತಿ ಸವೆದಿದ್ದರೆ, ಅದು ಮೆಟ್ಟಿದ ಮನುಷ್ಯನ ನಡಿಗೆಯ ಗುರುತು. ಇಂಥದ್ದನ್ನು ಮರಳು ಕಾಗದದಲ್ಲಿ ಉಜ್ಜಿಬಿಟ್ಟರೆ ಮತ್ತೆ ಬರುವುದಿಲ್ಲ.

ಮುತ್ತಜ್ಜ ಕಸುಬು ಯಾಕೆ ಬಿಟ್ಟರು ಅನ್ನುವುದು ನಿಮ್ಮ ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಆ ಪೆಟ್ಟಿಗೆ ಮೇಲಿನ ಸ್ಕಾಂಡರ್‌ಬೋರ್ಗ್‌ನಿಂದ ಶುರು ಮಾಡಬೇಕು. ಅದು ಡೆನ್ಮಾರ್ಕಿನ ಜಟ್ಲಂಡ್ ಪರ್ಯಾಯದ್ವೀಪದ ಒಂದು ಪಟ್ಟಣ. ಆ ಕಾಲದಲ್ಲಿ ಒಂದು ಜಿಲ್ಲೆಯ ಹೆಸರೂ ಹೌದು. ಹಾಗಾಗಿ ಪೆಟ್ಟಿಗೆ ಮೇಲೆ ಬರೆದದ್ದು ಊರೇ ಇರಬೇಕೆಂದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಸಿಲ್ಕೆಬೋರ್ಗ್ ಕಡೆ ಹೋದರೆ ಕೆರೆ, ಗುಡ್ಡ, ಬೀಚ್ ಕಾಡಿನ ಸೀಮೆ. ಡೆನ್ಮಾರ್ಕಿನ ಅತಿ ಉದ್ದದ ನದಿ ಗುಡೆನೋ ಇದರ ನಡುವೆಯೇ ಹರಿಯುತ್ತದೆ. ನೆಲ ಮರಳು, ಬೆಳೆ ಕಮ್ಮಿ, ಕಾಡು ಪಕ್ಕದಲ್ಲೇ. ಅಲ್ಲಿನ ತುಂಡು ಭೂಮಿಯ ಬಡವರು ಕ್ಲಾಗ್ ಕೆತ್ತಿ ಸಂಸಾರ ತೂಗಿಸುತ್ತಿದ್ದರು. ಗಾಮೆಲ್ ರ್ಯು ಎಂಬ ಹಳ್ಳಿಯ ಹಳೇ ಗಾಳಿಗಿರಣಿಯಲ್ಲಿ ಇವತ್ತೂ ಒಂದು ಕ್ಲಾಗ್ ಮ್ಯೂಸಿಯಂ ಇದೆ. ನಿಮ್ಮ ಮುತ್ತಜ್ಜ ಇದೇ ಸೀಮೆಯವರು ಅಂತ ಈಗಲೇ ತೀರ್ಮಾನಿಸಬೇಡಿ. ಆದರೆ ಈ ಹತಾರ ಮತ್ತು ಆ ಹೆಸರು ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿದರೆ ನಾನು ಹುಡುಕಾಟ ಶುರು ಮಾಡುವುದು ಅಲ್ಲಿಂದಲೇ.

ವಂಶಪಾರಂಪರ್ಯದ ಕುಶಲಕಲೆ ಅಂತ ನಾವೀಗ ಹೊಗಳುತ್ತೇವೆ. ಮಾಡುವವನಿಗೆ ಅದು ಹೊಟ್ಟೆಪಾಡು. ಮರ ಅವನದ್ದಲ್ಲ, ದುಡ್ಡು ಕೊಟ್ಟು ತರಬೇಕು. 1800ರ ಹೊತ್ತಿಗೆ ಡೆನ್ಮಾರ್ಕಿನ ಕಾಡು ಒಟ್ಟು ನೆಲದ ಶೇ. 2-3ಕ್ಕೆ ಇಳಿದಿತ್ತು. 1805ರಲ್ಲಿ ಸರ್ಕಾರ ಕಾಡು ಕಾಪಾಡುವ ಕಠಿಣ ಕಾನೂನು ತಂದಿತು. ಉಳಿದ ಕಾಡಿಗೆ ಬೇಲಿ ಬಿತ್ತು, ದನ ಮೇಯಿಸುವುದೂ ನಿಂತಿತು. ಕಾಡು ಉಳಿಯಿತು, ಒಳ್ಳೆಯದೇ. ಆದರೆ ಹಳ್ಳಿಯವನು ಹೋಗಿ ಬೇಕಾದ ಮರ ಕಡಿದು ತರುವ ಕಾಲ ಮುಗಿಯಿತು. ಅದರ ಮೇಲೆ ಜನಸಂಖ್ಯೆ ಏರಿತು, ಭೂಮಿ ತುಂಡಾಯಿತು. 1864ರಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯಾ ಎದುರು ಯುದ್ಧ ಸೋತು ದೇಶ ದಕ್ಷಿಣದ ದೊಡ್ಡ ಭಾಗವನ್ನೇ ಕಳೆದುಕೊಂಡಿತು. 19ನೇ ಶತಮಾನದ ನಡುವಿನಿಂದ ಮೊದಲ ಮಹಾಯುದ್ಧದವರೆಗೆ ಸುಮಾರು 3 ಲಕ್ಷ ಡೇನರು ದೇಶ ಬಿಟ್ಟರು, ಬಹುಪಾಲು ಅಮೆರಿಕಕ್ಕೆ. 1880ರ ದಶಕ ಅದರ ಉಬ್ಬರದ ಕಾಲ. ಕೋಪನ್‌ಹೇಗನ್‌ನಿಂದ ನ್ಯೂಯಾರ್ಕಿಗೆ ಥಿಂಗ್‌ವಾಲಾ ಕಂಪನಿಯ ಹಡಗುಗಳು ನೇರವಾಗಿ ಹೊರಟದ್ದೂ ಆಗಲೇ.

ಇಲ್ಲಿ ಬಂದ ಮೇಲೆ ಏನಾಯಿತು? ಎರಡು ತೊಡಕು ಕಾಣುತ್ತದೆ. ಒಂದು, ಮರ. ಬೀಚ್ ಮರ ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುತ್ತದೆ, ಅಯೋವಾದ ಹುಲ್ಲುಗಾವಲಲ್ಲಿ ಇಲ್ಲ. ಅಲ್ಲಿ ಸಿಗುವುದು ಹೊಳೆದಂಡೆಯ ಕಾಟನ್‌ವುಡ್, ವಿಲೋ, ಬಾಸ್‌ವುಡ್. ಇವುಗಳಲ್ಲೂ ಕ್ಲಾಗ್ ಆಗುತ್ತದೆ, ಕಾಟನ್‌ವುಡ್ ಪಾಪ್ಲರ್ ಜಾತಿಯದ್ದೇ. ಹಾಗಾಗಿ ಇದು ದಾಟಲಾಗದ ತೊಡಕಲ್ಲ.

ಎರಡನೆಯದು ಗಿರಾಕಿ. ಕಸುಬನ್ನು ಕೊಂದದ್ದು ಇದು. ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣದಲ್ಲಿ ಶೂ ಕಾರ್ಖಾನೆಗಳು ಆಗಲೇ ಭರ್ಜರಿಯಾಗಿ ನಡೆಯುತ್ತಿದ್ದವು. ಅಟ್ಟೆ ಹೊಲಿಯುವ ಯಂತ್ರಕ್ಕೆ 1858ರಲ್ಲೇ ಪೇಟೆಂಟ್ ಆಗಿತ್ತು. ಉಳಿದಿದ್ದು ಒಂದೇ ಕೈಕೆಲಸ: ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವುದು. ಪಳಗಿದ ಕೆಲಸಗಾರ ದಿನಕ್ಕೆ 50 ಜೋಡಿ ಮಾಡಿದರೆ ಹೆಚ್ಚು. 1883ರಲ್ಲಿ ಯಾನ್ ಮಾಟ್ಸೆಲಿಗರ್ ಅದಕ್ಕೂ ಯಂತ್ರ ಕಂಡುಹಿಡಿದು ಪೇಟೆಂಟ್ ಪಡೆದ. ಅದು ದಿನಕ್ಕೆ ನೂರಾರು ಜೋಡಿ ಮುಗಿಸಿತು. ಶೂ ಬೆಲೆ ದಬದಬನೆ ಇಳಿಯಿತು. ಮಾಟ್ಸೆಲಿಗರ್ ಕೂಡ ವಲಸಿಗನೇ, ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಕಪ್ಪು ವರ್ಣದ ಕುಶಲಕರ್ಮಿ. 37 ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡ. ನಿಮ್ಮ ಮುತ್ತಜ್ಜ ಹಡಗು ಹತ್ತುವುದಕ್ಕೆ ಒಂದು ವರ್ಷ ಮೊದಲು ಅವನಿಗೆ ಆ ಪೇಟೆಂಟ್ ಸಿಕ್ಕಿತ್ತು.

ಊರಲ್ಲಿ ಚರ್ಮ ದುಬಾರಿ, ಅದಕ್ಕೆ ಹೋಲಿಸಿದರೆ ಮರ ಅಗ್ಗ. ಅಮೆರಿಕದಲ್ಲಿ ಕಾರ್ಖಾನೆಯ ಚರ್ಮದ ಬೂಟು ಅಗ್ಗ, ಒಬ್ಬ ಮನುಷ್ಯನ ದಿನದ ದುಡಿಮೆ ದುಬಾರಿ. ಜೊತೆಗೆ ರಬ್ಬರ್ ಬೂಟು ಬಂತು, ಅಂಚೆಯಲ್ಲಿ ಸಾಮಾನು ತರಿಸುವ ಕ್ಯಾಟಲಾಗ್ ಬಂತು. ಇಂಥಲ್ಲಿ ದಿನವಿಡೀ ಕೂತು ಕ್ಲಾಗ್ ಕೆತ್ತಿ ಯಾರಿಗೆ ಮಾರಬೇಕು? ಮೇಲಾಗಿ ಡೆನ್ಮಾರ್ಕಿನ ಬಡ ರೈತ ಕನಸಲ್ಲೂ ಕಾಣದಷ್ಟು ಜಮೀನು ಇಲ್ಲಿ ಸಿಗುತ್ತಿತ್ತು. ಕಸುಬು ಬಿಟ್ಟರು ಅಂತ ಮರುಗುವುದಕ್ಕಿಂತ, ಜಮೀನು ಮಾಡಿಕೊಳ್ಳಲೆಂದೇ ಹಡಗು ಹತ್ತಿದರು ಅನ್ನುವುದು ಸರಿಯಾದೀತು. ಆದರೂ ಹತಾರವನ್ನು ಎಸೆಯಲಿಲ್ಲ ನೋಡಿ. ಮನೆಮಂದಿಗೆ, ಅಕ್ಕಪಕ್ಕದ ಡೇನರಿಗೆ ಒಂದೆರಡು ಜೋಡಿ ಮಾಡಿಕೊಡುತ್ತಿದ್ದಿರಬಹುದು.

ಇದನ್ನು ಪತ್ತೆ ಮಾಡಲು ದಾರಿ ಇದೆ. ಪೂರ್ತಿ ಮರದ ಜೋಡಿಯನ್ನು ಕೈಯಲ್ಲಿ ತೂಗಿ ನೋಡಿ. ಒಳ್ಳೆ ಬೆಳಕಲ್ಲಿ, ಸವೆದು ಮರ ಕಾಣುವ ಕಡೆ ಭೂತಗನ್ನಡಿ ಹಿಡಿಯಿರಿ. ಭಾರವಾಗಿದ್ದು, ಮೈಮೇಲೆಲ್ಲ ಸಣ್ಣಸಣ್ಣ ಕಂದು ಗೀಟು ಚುಕ್ಕಿಗಳು ಕಂಡರೆ ಬೀಚ್ ಇರಬಹುದು. ಕಿತ್ತಳೆ ಛಾಯೆಯ ಕೆಂಪು ಮರವಾದರೆ ಆಲ್ಡರ್. ಇವೆರಡರಲ್ಲಿ ಯಾವುದಾದರೂ ಆದರೆ ಕ್ಲಾಗ್ ಊರಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಹಗುರವಾಗಿ, ಬಿಳಿಚಾಗಿ, ಚುಕ್ಕಿಯಿಲ್ಲದೆ ಇದ್ದರೆ ಕಾಟನ್‌ವುಡ್ ಅಥವಾ ಬಾಸ್‌ವುಡ್ ಅಂತ ಅನುಮಾನ ಪಡಿ. ಹಾಗಿದ್ದರೆ ಅದು ಅಯೋವಾದಲ್ಲೇ, ಇದೇ ಹತಾರಗಳಿಂದ ಆದದ್ದಿರಬಹುದು. ನನ್ನನ್ನು ಕೇಳಿದರೆ ಅದೇ ಹೆಚ್ಚು ಅಪರೂಪದ ವಸ್ತು. ಕಣ್ಣಳತೆ ಸಾಲದೆ ಹೋದರೆ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅಮೆರಿಕ ಸರ್ಕಾರದ ಅರಣ್ಯ ಉತ್ಪನ್ನ ಪ್ರಯೋಗಾಲಯ ಇದೆ, ಮರ ಗುರುತಿಸುವುದರಲ್ಲಿ ಅವರು ಹೆಸರುವಾಸಿ. ಆದರೆ ಚೂರು ಕತ್ತರಿಸುವ ಮೊದಲು ಎಷ್ಟು, ಎಲ್ಲಿಂದ ಬೇಕು ಅಂತ ಅವರನ್ನೇ ಕೇಳಿ.

'ಜೆ. ಎನ್. ಎಸ್.' ಒಗಟು ಸುಲಭ. ಆ 'ಎಸ್' ಬೇರೆ ಯಾರೂ ಅಲ್ಲ, ಡ್ಯಾನಿಷ್ ಭಾಷೆಯಲ್ಲಿ ಮಗ ಅನ್ನುವ ಪದದ ಮೊದಲಕ್ಷರ ಇರಬೇಕು. ಹಳೇ ಡ್ಯಾನಿಷ್ ಪೆಟ್ಟಿಗೆಗಳ ಮೇಲೆ ಹೀಗೆ ಬರೆಯುವ ರೂಢಿ ಇತ್ತು: ತನ್ನ ಹೆಸರು, ಅಪ್ಪನ ಹೆಸರು, ಗಂಡಾದರೆ 'ಎಸ್', ಹೆಣ್ಣಾದರೆ 'ಡಿ'. ಅಂದರೆ ನೀಲ್ಸ್ ಎಂಬವರ ಮಗ, 'ಜೆ' ಇಂದ ಶುರುವಾಗುವ ಯಾರೋ ಒಬ್ಬ. ಹಳ್ಳಿಗಳಲ್ಲಿ ಆಗ ಸ್ಥಿರವಾದ ಮನೆತನದ ಹೆಸರು ಇರುತ್ತಿರಲಿಲ್ಲ, ಅಪ್ಪನ ಹೆಸರಿನಿಂದ ಬರುವ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. 1828ರಲ್ಲಿ, ಮತ್ತೆ 1856ರಲ್ಲಿ ಸರ್ಕಾರ ಸ್ಥಿರವಾದ ಹೆಸರು ಇಟ್ಟುಕೊಳ್ಳಿ ಅಂತ ಆಜ್ಞೆ ಮಾಡಿತು. ಹಳ್ಳಿಯವರು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಮುತ್ತಜ್ಜನ ಅಪ್ಪ ನೀಲ್ಸನ್ ಆಗಿರಬೇಕೆಂದೇನೂ ಇಲ್ಲ, ನೀಲ್ಸ್ ಆಗಿದ್ದರೆ ಸಾಕು. ಇನ್ನೊಂದು ಸಾಧ್ಯತೆಯೂ ಇದೆ. ಈ ಬರವಣಿಗೆ 1884ಕ್ಕಿಂತ ಹಳೇ ಕಾಲದ ಶೈಲಿ. ಪೆಟ್ಟಿಗೆ ಮುತ್ತಜ್ಜನ ಅಪ್ಪನದ್ದೋ ಅಜ್ಜನದ್ದೋ ಆಗಿದ್ದು, ಪ್ರಯಾಣಕ್ಕೆಂದು ಎತ್ತಿಕೊಂಡು ಬಂದಿರಬಹುದು. ಊರಿನ ಹೆಸರಿನ ಬಣ್ಣ, ಅಕ್ಷರಗಳ ಬಣ್ಣ ಒಂದೇನಾ ಬೇರೇನಾ ನೋಡಿ. ಬೇರೆಯಾದರೆ ಊರನ್ನು ಆಮೇಲೆ ಬರೆದದ್ದಿರಬಹುದು.

ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲೆಂಡಿನಲ್ಲಿ ಅಧಿಕಾರಿಗಳು ಹೆಸರು ಬದಲಿಸಿದರು ಅನ್ನುವ ಕಥೆ ಅಮೆರಿಕದ ಪ್ರತಿ ಮನೆಯಲ್ಲೂ ಇರುತ್ತದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಎಲ್ಲಿಸ್ ಐಲೆಂಡ್ ಶುರುವಾಗಿದ್ದೇ 1892ರಲ್ಲಿ. 1884ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದವರು ಕ್ಯಾಸಲ್ ಗಾರ್ಡನ್ ಎಂಬಲ್ಲಿ ಹಾದು ಬಂದವರು. ಅಲ್ಲೂ ಅಧಿಕಾರಿಗಳು ನೋಡುತ್ತಿದ್ದುದು ಹಡಗಿನವರು ಬರೆದು ತಂದ ಪಟ್ಟಿಯನ್ನೇ.

ಹುಡುಕಾಟವನ್ನು ಡೆನ್ಮಾರ್ಕಿನಿಂದ ಶುರು ಮಾಡಬೇಡಿ, ನೀವಿರುವ ಅಯೋವಾದಿಂದ ಮಾಡಿ. ಎಲ್ಲರೂ ನೇರ ಕೋಪನ್‌ಹೇಗನ್ ದಾಖಲೆಗೆ ಹಾರುತ್ತಾರೆ, ಅಲ್ಲಿ ಸಾವಿರ ನೀಲ್ಸನ್ ಸಿಕ್ಕಿ ಕೈ ಚೆಲ್ಲುತ್ತಾರೆ. ಅಯೋವಾ ರಾಜ್ಯ ತನ್ನದೇ ಜನಗಣತಿ ಮಾಡಿದ ರಾಜ್ಯ. 1885, 1895, 1905, 1915, 1925ರವು ಇವೆ. 1925ರದ್ದು ನಿಮಗೆ ಬಂಗಾರ, ಏಕೆಂದರೆ ಅದರಲ್ಲಿ ಪ್ರತಿಯೊಬ್ಬರ ಅಪ್ಪ ಅಮ್ಮನ ಹೆಸರನ್ನೂ ಕೇಳಿ ಬರೆದಿದ್ದಾರೆ. ಮುತ್ತಜ್ಜ ಆಗ ಬದುಕಿದ್ದರೆ ಒಂದೇ ಸಾಲಿನಲ್ಲಿ ಕೆಲಸ ಅರ್ಧ ಮುಗಿಯುತ್ತದೆ. ಆಮೇಲೆ ಅವರು ಹೋಗುತ್ತಿದ್ದ ಡ್ಯಾನಿಷ್ ಲುಥೆರನ್ ಚರ್ಚಿನ ಪುಸ್ತಕ. ಡ್ಯಾನಿಷ್ ಪಾದ್ರಿಗಳು ಹುಟ್ಟಿದ ಊರನ್ನು ಬರೆದಿಡುವ ಸಾಧ್ಯತೆ ಇಂಗ್ಲಿಷ್ ಗುಮಾಸ್ತರಿಗಿಂತ ಹೆಚ್ಚು. ಸೀಡರ್ ಫಾಲ್ಸ್‌ನಿಂದ ಹೊರಡುತ್ತಿದ್ದ ಡ್ಯಾನಿಷ್ ಪತ್ರಿಕೆ 'ಡಾನೆವಿರ್ಕೆ'ಯಲ್ಲಿ ನಿಧನವಾರ್ತೆ ಬಂದಿದೆಯೇ ಅಂತಲೂ ನೋಡಿ.

ಹುಟ್ಟಿದ ದಿನ ಮತ್ತು ಅಪ್ಪ ಅಮ್ಮನ ಹೆಸರು ಕೈಗೆ ಬಂದ ಮೇಲೆ ಡೆನ್ಮಾರ್ಕ್. ಕೋಪನ್‌ಹೇಗನ್ ಪೊಲೀಸರು 1869ರಿಂದ ವಲಸೆ ಏಜೆಂಟರ ಟಿಕೆಟ್ ಒಪ್ಪಂದಗಳನ್ನೆಲ್ಲ ದಾಖಲೆ ಮಾಡಿದ್ದಾರೆ. ಹೆಸರು, ವಯಸ್ಸು, ಕಸುಬು, ಕೊನೆಗೆ ಇದ್ದ ಊರು, ಹೋಗುವ ಜಾಗ ಎಲ್ಲ ಅದರಲ್ಲಿ ಸಿಗುತ್ತದೆ. ಅಲ್ಲಿ ಹೆಸರು ಇಲ್ಲದಿದ್ದರೆ ಹ್ಯಾಂಬರ್ಗಿನಿಂದ ಹೊರಟಿರಬಹುದು, ಆ ಬಂದರಿನ ಪಟ್ಟಿಗಳೂ 1850ರಿಂದ ಉಳಿದಿವೆ. ಆಮೇಲೆ ಚರ್ಚ್ ಪುಸ್ತಕಗಳು. ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರ ಇವನ್ನೆಲ್ಲ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. 1814ರಿಂದ ಪ್ರತಿ ಚರ್ಚಿನಲ್ಲಿ ಎರಡು ಪ್ರತಿ ಬರೆಯುತ್ತಿದ್ದರು, ಒಂದು ಪಾದ್ರಿ, ಇನ್ನೊಂದು ಸಾಮಾನ್ಯವಾಗಿ ಊರಿನ ಮೇಷ್ಟರು. ಬೆಂಕಿ ಬಿದ್ದರೆ ಎರಡೂ ಹೋಗಬಾರದು ಅಂತ, ರಾತ್ರಿ ಹೊತ್ತು ಎರಡೂ ಒಂದೇ ಸೂರಿನ ಕೆಳಗೆ ಇರಕೂಡದು ಎಂಬ ನಿಯಮ ಬೇರೆ. ಎಂಥ ಮುಂದಾಲೋಚನೆ ಅಲ್ವಾ? ಇದರ ಫಲವಾಗಿ ಒಂದು ಪ್ರತಿಯ ಕೈಬರಹ ಅರ್ಥವಾಗದಿದ್ದರೆ ಇನ್ನೊಂದನ್ನು ತೆಗೆದು ನೋಡಬಹುದು. ಹಳೇ ಗೋಥಿಕ್ ಅಕ್ಷರ ಮೊದಮೊದಲು ಇರುವೆ ಸಾಲಿನಂತೆ ಕಾಣುತ್ತದೆ. ಸ್ವಲ್ಪ ದಿನದಲ್ಲಿ ಕಣ್ಣು ಒಗ್ಗುತ್ತದೆ.

ಡ್ಯಾನಿಷ್ ಜನಗಣತಿಯಲ್ಲಿ 1845ರಿಂದ ಹುಟ್ಟಿದ ಚರ್ಚ್ ಸೀಮೆಯ ಹೆಸರೂ ಇರುತ್ತದೆ. ನಿಮಗೆ ಬೇಕಾದದ್ದು 1870 ಮತ್ತು 1880ರದ್ದು. ಕಸುಬಿನ ಕಾಲಮ್ಮಿನಲ್ಲಿ 'ಟ್ರೆಸ್ಕೊಮನ್' ಅಥವಾ 'ಟ್ರೆಸ್ಕೊಮೇಯರ್' ಅಂತ ಕಂಡರೆ ಅದೇ ಕ್ಲಾಗ್ ಮಾಡುವವನು. ಅದರ ಪಕ್ಕ 'ಹುಸ್‌ಮನ್' ಅಂತಲೂ ಇದ್ದರೆ ತುಂಡು ಭೂಮಿಯ ಬಡ ರೈತ. ಮುತ್ತಜ್ಜನ ಹೆಸರಿನ ಮುಂದೆ ಬರೀ ಆಳು ಅಂತ ಇದ್ದರೆ ನಿರಾಶರಾಗಬೇಡಿ. ಅಪ್ಪನ ಸಾಲು ನೋಡಿ, ಅಣ್ಣಂದಿರ ಸಾಲು ನೋಡಿ, ಪಕ್ಕದ ಮನೆಯದ್ದೂ ನೋಡಿ. ಒಂದೇ ಹಳ್ಳಿಯಲ್ಲಿ ನಾಲ್ಕಾರು ಮನೆ ಕ್ಲಾಗ್‌ನವರು ಕಂಡರೆ ಸರಿಯಾದ ಸೀಮೆಗೇ ಬಂದಿದ್ದೀರಿ ಅಂತ ಅರ್ಥ.

ಇನ್ನು ಕಾಪಾಡುವ ವಿಚಾರ. ಮೊದಲ ಶತ್ರು ಮರದ ಹುಳ. ಬೀಚ್, ಆಲ್ಡರ್ ಎರಡೂ ಹುಳಕ್ಕೆ ಬಲು ಇಷ್ಟ. ಒಂದೆರಡು ಮಿಲಿಮೀಟರಿನ ದುಂಡನೆ ತೂತು ಇದ್ದರೆ ಗಾಬರಿ ಬೇಡ, ಹುಳ ಎಂದೋ ಹೊರಟುಹೋಗಿರಬಹುದು. ಕ್ಲಾಗನ್ನು ಕಪ್ಪು ಕಾಗದದ ಮೇಲೆ ಕೆಲವು ವಾರ ಇಡಿ. ತಿಳಿ ಬಣ್ಣದ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಆಗ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮನೆಯ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಬಣ್ಣದ ಪೆಟ್ಟಿಗೆಯನ್ನು ಮಾತ್ರ ಹೀಗೆ ಮಾಡಬೇಡಿ, ಬಣ್ಣ ಏಳಬಹುದು. ಅದರಲ್ಲಿ ಹುಳ ಕಂಡರೆ ಮ್ಯೂಸಿಯಂನವರನ್ನು ಕೇಳಿ. ಅಂದ ಹಾಗೆ ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ತುಂಬ. ಚಕ್ಕೆ ಏಳುತ್ತಿದ್ದರೆ ಮಗಳನ್ನು ಹತ್ತಿರ ಬಿಡಬೇಡಿ.

ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ಒಣದಾಗೇ ತೆಗೆಯಿರಿ, ಸಾಕು. ಮರಕ್ಕೆ ಎಣ್ಣೆ ಹಚ್ಚುವುದು ನಮ್ಮವರ ಅಭ್ಯಾಸ, ಇಲ್ಲಿ ಬೇಡ. ಅದು ಧೂಳು ಹಿಡಿದು ಕಪ್ಪಾಗುತ್ತದೆ. ಚರ್ಮಕ್ಕೂ ಶೂ ಪಾಲಿಶ್, ಎಣ್ಣೆ ಏನೂ ಬೇಡ. ಒಳಗೆ ಆಮ್ಲರಹಿತ ಟಿಶ್ಯೂ ಕಾಗದವನ್ನು ಸಡಿಲವಾಗಿ ತುಂಬಿದರೆ ಆಕಾರ ಕೆಡುವುದಿಲ್ಲ. ಹತಾರದ ಕಬ್ಬಿಣಕ್ಕೆ ಸಡಿಲ ತುಕ್ಕನ್ನು ಬ್ರಷ್‌ನಲ್ಲಿ ಒರೆಸಿ, ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಹಚ್ಚಬಹುದು. ಗ್ರೈಂಡರ್ ಹಿಡಿದು ಫಳಫಳ ಮಾಡಬೇಡಿ. ಅಲಗಿನ ಮೇಲೆ ಕಮ್ಮಾರನ ಮುದ್ರೆ ಇರಬಹುದು, ಹಿಡಿಯ ಮೇಲೆ ಹೆಸರಿನ ಅಕ್ಷರ ಇರಬಹುದು. ಬೇಸ್‌ಮೆಂಟೂ ಬೇಡ, ಅಟ್ಟವೂ ಬೇಡ, ಹೀಟರ್ ಗಾಳಿ ಬಡಿಯುವ ಜಾಗವಂತೂ ಬೇಡವೇ ಬೇಡ. ಅಯೋವಾ ಚಳಿಗಾಲದ ಹೀಟರಿಗೆ ಮನೆಯ ಗಾಳಿ ಒಣಗಿ ಮರ ಸೀಳುತ್ತದೆ. ಮನುಷ್ಯರು ಆರಾಮಾಗಿರುವ, ತೇವಾಂಶ ಶೇ. 40-55ರ ನಡುವೆ ಇರುವ, ನೇರ ಬಿಸಿಲು ಬೀಳದ ಕೋಣೆ ಸಾಕು.

ಮಗಳಿಗೆ ಹಳೇ ಜೋಡಿ ಹಾಕಿಸಬೇಡಿ. ಒಣಗಿದ ಮರ ಒಂದೇ ಹೆಜ್ಜೆಗೆ ಸೀಳಬಹುದು. ಸವೆದ ಕಬ್ಬಿಣದ ಪಟ್ಟಿ ಶಾಲೆಯ ನಯವಾದ ನೆಲದಲ್ಲಿ ಜಾರುವುದಂತೂ ಗ್ಯಾರಂಟಿ. ಹೊಸ ಜೋಡಿ ಕೊಡಿಸಿ. ಚರ್ಮದ ಮೇಲ್ಭಾಗದ ಮರದ ಕ್ಲಾಗನ್ನು ಡೆನ್ಮಾರ್ಕಿನ ಸನೀತಾ ಕಂಪನಿ 1907ರಿಂದ ಮಾಡುತ್ತಿದೆ. ದಪ್ಪ ಕಾಲುಚೀಲ ಹಾಕಿಸಿ, ಮನೆಯಲ್ಲಿ ನಾಲ್ಕು ದಿನ ನಡೆದು ರೂಢಿಯಾಗಲಿ, ಮೆಟ್ಟಿಲಲ್ಲಿ ಕೈ ಹಿಡಿದುಕೊಳ್ಳಿ.

ಶಾಲೆಯಲ್ಲಿ ಹೇಳಲು ಅವಳಿಗೊಂದು ಕಥೆಯೂ ಬೇಕಲ್ಲ? ಇದನ್ನು ಹೇಳಿಕೊಡಿ. ಮುತ್ತಜ್ಜನ ಕಾಲದಲ್ಲಿ ಅಮೆರಿಕದಲ್ಲಿ ಗಿರಾಕಿ ಸಿಗದ ಈ ಪಾದರಕ್ಷೆಯನ್ನು ನೂರು ವರ್ಷದ ನಂತರ ಇನ್ನೊಬ್ಬ ಡೇನ್ ಮತ್ತೆ ತಂದ. ಪೀಟರ್ ಕೆಲರಪ್ ಮತ್ತು ಅವನ ಅಮೆರಿಕನ್ ಹೆಂಡತಿ ಮ್ಯಾಂಡಿ ಕ್ಯಾಬಟ್ ಕುದುರೆ ಸಾಕುತ್ತಿದ್ದವರು. ಲಾಯದ ಕೆಸರಿಗೆ ಡ್ಯಾನಿಷ್ ಕ್ಲಾಗ್ ಹೇಳಿ ಮಾಡಿಸಿದಂತಿದೆ ಅಂತ ತಂದು ಸ್ನೇಹಿತರಿಗೆ ಮಾರಲು ಶುರು ಮಾಡಿ, 1990ರಲ್ಲಿ ಪೆನ್ಸಿಲ್ವೇನಿಯಾದಲ್ಲಿ 'ಡ್ಯಾನ್ಸ್ಕೊ' ಕಂಪನಿ ಕಟ್ಟಿದರು. ಮೊದಮೊದಲು ಅವರಿಗೆ ಕ್ಲಾಗ್ ಮಾಡಿಕೊಟ್ಟದ್ದು ಅದೇ ಸನೀತಾ. ಇವತ್ತು ಅಮೆರಿಕದ ಆಸ್ಪತ್ರೆಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವರ ಕಾಲಲ್ಲಿ ನೋಡಿ, ಇದೇ ಜಾತಿಯ ಕ್ಲಾಗ್. ಅಟ್ಟೆ ಈಗ ಬಹುಪಾಲು ಮರದ್ದಲ್ಲ, ಮುಂದಕ್ಕೆ ಉರುಳುವ ಆ ಬಾಗು ಮಾತ್ರ ಹಾಗೇ ಇದೆ.

ಮಾರಿದರೆ ಎಷ್ಟು ಬರುತ್ತದೆ ಅಂತ ನೀವು ಕೇಳಿಲ್ಲ, ಆದರೆ ನೆಂಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೆಚ್ಚೇನೂ ಬರುವುದಿಲ್ಲ. ಇಂಥ ಕ್ಲಾಗ್ ಸಾಕಷ್ಟು ಉಳಿದಿವೆ. ಯಾರದ್ದು, ಯಾವ ಊರು, ಯಾವ ಹತಾರ ಅನ್ನುವ ಕಾಗದ ಜೊತೆಗಿದ್ದರೆ ಮಾತ್ರ ಅದಕ್ಕೆ ತೂಕ. ಅದೂ ಮ್ಯೂಸಿಯಂ ಕಣ್ಣಿಗೆ, ಮಾರ್ಕೆಟ್ಟಿಗಲ್ಲ.

ನೀವು ಅಯೋವಾದಲ್ಲೇ ಇರುವುದು ದೊಡ್ಡ ಅನುಕೂಲ. ರಾಜ್ಯದ ಪಶ್ಚಿಮಕ್ಕಿರುವ ಎಲ್ಕ್ ಹಾರ್ನ್ ಮತ್ತು ಪಕ್ಕದ ಕಿಂಬಲ್ಟನ್ ಅಮೆರಿಕದ ಹೆಸರಾಂತ ಡ್ಯಾನಿಷ್ ಹಳ್ಳಿಗಳು. ಎಲ್ಕ್ ಹಾರ್ನ್‌ನಲ್ಲಿ 1848ರ ಒಂದು ಡ್ಯಾನಿಷ್ ಗಾಳಿಗಿರಣಿ ಇದೆ. 1976ರಲ್ಲಿ ಅದನ್ನು ಬಿಚ್ಚಿ, ಹಡಗಿನಲ್ಲಿ ತಂದು, ಊರಿನವರೇ ಸೇರಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅದೇ ಊರಲ್ಲಿ ಮ್ಯೂಸಿಯಂ ಆಫ್ ಡ್ಯಾನಿಷ್ ಅಮೆರಿಕ ಇದೆ. ವಲಸೆ ಬಂದವರ ಸಾಮಾನು ಕಾಪಾಡುವುದು ಮತ್ತು ವಂಶ ಹುಡುಕುವವರಿಗೆ ನೆರವಾಗುವುದು ಎರಡೂ ಅವರ ಕೆಲಸ. ಹೋಗುವ ಮುಂಚೆ ಫೋಟೋ ಕಳಿಸಿ, ಮರದ ಜೋಡಿಯ ಅಟ್ಟೆಯದ್ದು, ಕತ್ತಿಯ ಎರಡೂ ತುದಿಯದ್ದು, ಪೆಟ್ಟಿಗೆಯ ಅಕ್ಷರದ್ದು. ಹೋಗುವಾಗ ಮಾವನನ್ನೂ ಕರೆದುಕೊಂಡು ಹೋಗಿ, ದಾರಿಯಲ್ಲಿ ಫೋನಿನ ರೆಕಾರ್ಡರ್ ಹಾಕಿಡಿ. ಮುತ್ತಜ್ಜನ ಕೆಲಸದ ಬೆಂಚು ಎಲ್ಲಿ ಹೋಯಿತು, ಕಬ್ಬಿಣದ ಬಳೆ ಬಡಿದ ದಪ್ಪ ಹಲಗೆ ಹಳೇ ಕೊಟ್ಟಿಗೆಯಲ್ಲಿ ಎಲ್ಲಾದರೂ ಬಿದ್ದಿತ್ತಾ ಅಂತ ಮೊದಲು ಅದನ್ನೇ ಕೇಳಿ. ಮನೆ ಖಾಲಿ ಮಾಡುವವರು ಸೌದೆ ಅಂತ ಮೊದಲು ಎಸೆಯುವುದೇ ಅದನ್ನು.